ಡಚ್ ಪತ್ರದಲ್ಲಿ ‘ದೀನ್ತ್’ ಕಂಡರೆ ‘ತಕ್ಕದ್ದು’ ಎಂದು ಓದಿಕೊಳ್ಳಿ

ನೆದರ್‌ಲ್ಯಾಂಡ್ಸ್‌ಗೆ ಬಂದ ಹೊಸದರಲ್ಲಿ ಸರ್ಕಾರಿ ಪತ್ರ ಬಂದರೆ ನಾವೆಲ್ಲ ಮೊದಲು ಮೊಬೈಲ್ ಹಿಡಿದು ಅನುವಾದ ನೋಡುತ್ತೇವೆ. ‘ಯೂ ದೀನ್ತ್’ ಎಂದು ಶುರುವಾಗುವ ವಾಕ್ಯ ಅಲ್ಲಿ ಎಷ್ಟೋ ಸಲ ‘ಮಾಡಿದರೆ ಒಳ್ಳೆಯದು’ ಎಂಬ ಸಲಹೆಯಂತೆ ಕಾಣಿಸುತ್ತದೆ. ಹಾಗೆಂದುಕೊಂಡು ಪತ್ರವನ್ನು ಪಕ್ಕಕ್ಕಿಟ್ಟು ಗಡುವು ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. ಈ ಒಂದು ಪದವನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿದ್ದು ಅದಕ್ಕೇ.

‘ದೀನನ್’ ಎಂಬ ಕ್ರಿಯಾಪದದ ಮೂಲಾರ್ಥ ಸೇವೆ ಸಲ್ಲಿಸುವುದು. ತೆರಿಗೆ ಇಲಾಖೆಯಾದ ‘ಬೆಲಾಸ್ಟಿಂಗ್‌ದೀನ್ಸ್ಟ್’ ಹೆಸರಿನ ಕೊನೆಯ ಭಾಗ ಇದರ ಬಂಧುವೇ. ಆದರೆ ‘ದೀನ್ತ್’ ಆದ ಮೇಲೆ ಅದೇ ವಾಕ್ಯದಲ್ಲಿ ‘ತ’ ಎಂಬ ಪುಟ್ಟ ಪದವೂ ಅದರ ಬೆನ್ನಿಗೇ ಇನ್ನೊಂದು ಕ್ರಿಯಾಪದವೂ ಬಂದರೆ ಸೇವೆಯ ಅರ್ಥ ಹೋಗಿ ಆಜ್ಞೆ ಉಳಿಯುತ್ತದೆ. ನಮ್ಮ ಸುತ್ತೋಲೆಗಳಲ್ಲಿ ಬರುವ ‘ಸಲ್ಲಿಸತಕ್ಕದ್ದು’ ಇದೆಯಲ್ಲ, ಅದೇ ದನಿ.

ಮನೆ ಬದಲಿಸಿದರೆ ಹೊಸ ವಿಳಾಸವನ್ನು ನಗರಸಭೆಗೆ ಐದು ದಿನದೊಳಗೆ ತಿಳಿಸಬೇಕು. ಇದನ್ನು ಹೇಳುವ ವಾಕ್ಯ ‘ಯೂ ದೀನ್ತ್’ ಎಂದು ಶುರುವಾಗಿ ‘ದೋರ್ ತ ಖೇವನ್’ ಎಂದು ಮುಗಿಯುತ್ತದೆ. ‘ದೋರ್‌ಖೇವನ್’ ಅಂದರೆ ತಿಳಿಸುವುದು. ‘ತ’ ಅದರ ನಡುವೆ ನುಸುಳಿ ಪದವನ್ನು ಎರಡು ಹೋಳು ಮಾಡಿದೆ. ಹೀಗಾಗಿ ವಾಕ್ಯವನ್ನು ಕೊನೆಯವರೆಗೂ ಓದಿ. ಏನು ಮಾಡಬೇಕು ಎಂಬುದು ಕನ್ನಡದ ಹಾಗೆಯೇ ಅಲ್ಲೂ ಕೊನೆಯಲ್ಲಿ ಕುಳಿತಿರುತ್ತದೆ.

ತೊಡಕಿರುವುದು ‘ಇನ್‌ದೀನನ್’ ಎಂಬ ಇನ್ನೊಂದು ಪದದಲ್ಲಿ. ಇದರ ಅರ್ಥ ಅರ್ಜಿ ಸಲ್ಲಿಸುವುದು. ಸರ್ಕಾರಿ ತೀರ್ಮಾನವನ್ನು ಒಪ್ಪದಿದ್ದರೆ ಸಾಮಾನ್ಯವಾಗಿ ಆರು ವಾರದೊಳಗೆ ‘ಬೆಜ್ವಾರ್’, ಅಂದರೆ ಆಕ್ಷೇಪಣೆ ಸಲ್ಲಿಸಬೇಕು. ಆ ಸಾಲಿನಲ್ಲಿ ‘ದೀನ್ತ್’ ಮುಂದೆಯೂ ‘ಇನ್ ತ ದೀನನ್’ ಕೊನೆಯಲ್ಲೂ ಕಾಣಿಸಬಹುದು. ಮೊದಲನೆಯದು ‘ತಕ್ಕದ್ದು’, ಎರಡನೆಯದು ‘ಸಲ್ಲಿಸು’.

‘ಖೆಲೀವ’ ಎಂದಿದ್ದರೆ ಮಾತು ‘ದಯವಿಟ್ಟು’ ಎಂಬಷ್ಟು ಮೃದು. ಆದರೂ ಫಲಕದ ಮೇಲೆ ‘ಖೆಲೀವ’ ಎಂದು ಬರೆದು ವಾಹನ ನಿಲ್ಲಿಸಬೇಡಿ ಎಂದಿದ್ದರೆ ನಿಲ್ಲಿಸಬೇಡಿ. ‘ಹೂಫ್ತ್ ನೀತ್’ ಇದ್ದರೆ ‘ಬೇಕಾಗಿಲ್ಲ’, ‘ಮಾಖ್ ನೀತ್’ ಇದ್ದರೆ ‘ಕೂಡದು’.

ಇಷ್ಟು ತಿಳಿದ ಮೇಲೆ ಆಡುಮಾತಿನಲ್ಲಿ ‘ದೀನ್ತ್’ ಬಳಸಲು ಹೋಗಬೇಡಿ. ‘ನೀನು ಊಟಕ್ಕೆ ಬರತಕ್ಕದ್ದು’ ಎಂದು ಗೆಳೆಯನಿಗೆ ಹೇಳಿದಂತಾಗುತ್ತದೆ. ಮಾತಿಗೆ ‘ಬೇಕು’ ಎಂಬರ್ಥದ ‘ಮೂತ್’ ಸಾಕು.