ಮಕ್ಕಳ ಆಸ್ತಮಾ: ಕೆಮ್ಮಿಲ್ಲದ ದಿನವೂ ಔಷಧ ಏಕೆ, ಹೇಗೆ

ಹಗಲೆಲ್ಲ ಚೆನ್ನಾಗಿ ಆಡಿಕೊಂಡಿದ್ದ ಮಗು ನಸುಕಿನಲ್ಲಿ ಬಿಡದೆ ಕೆಮ್ಮುತ್ತಿದ್ದರೆ, ಓಡಿದಾಗಲೋ ಜೋರಾಗಿ ನಕ್ಕಾಗಲೋ ಎದೆಯಿಂದ ಸುಂಯ್ ಎನ್ನುವ ಸದ್ದು ಬರುತ್ತಿದ್ದರೆ, ಪ್ರತಿ ಸಲದ ನೆಗಡಿಯೂ ಎದೆಗಿಳಿದು ವಾರಗಟ್ಟಲೆ ಉಳಿಯುತ್ತಿದ್ದರೆ, ಇದು ಆಸ್ತಮಾ ಇರಬಹುದೇ ಎಂದು ವೈದ್ಯರನ್ನು ಕೇಳಬೇಕು. ಸುಮಾರು 5 ವರ್ಷದೊಳಗಿನ ಮಕ್ಕಳಿಗೆ ಊದುವ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಕಷ್ಟವಾದ್ದರಿಂದ ಪೋಷಕರು ಕೊಡುವ ವಿವರಕ್ಕೆ ತುಂಬ ಬೆಲೆಯಿದೆ; ಉಬ್ಬಸ ಬಂದಾಗ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಕೂಡ ನೆರವಾಗುತ್ತದೆ.

ಆಸ್ತಮಾದಲ್ಲಿ ಶ್ವಾಸನಾಳಗಳ ಒಳಪದರವು ಉರಿಯೂತದಿಂದ ಊದಿಕೊಂಡಿರುತ್ತದೆ. ನೆಗಡಿಯ ವೈರಸ್, ಹೊಗೆ, ಹಾಸಿಗೆಯ ಧೂಳುನುಸಿ, ಪರಾಗ, ತಣ್ಣನೆಯ ಗಾಳಿ ಇವುಗಳಲ್ಲಿ ಯಾವುದಾದರೂ ಕೆಣಕಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿದು, ಕಫವೂ ಸೇರಿ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಸಾಲ್ಬುಟಮಾಲ್ ಇನ್‌ಹೇಲರ್ ಈ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಉರಿಯೂತವನ್ನು ಮುಟ್ಟುವುದಿಲ್ಲ. ಅದನ್ನು ತಗ್ಗಿಸುವುದು ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇನ್‌ಹೇಲರ್. ಅದರ ಪೂರ್ಣ ಗುಣ ಕಾಣಲು ವಾರಗಳು ಬೇಕು. ಮಗು ಆರಾಮಾಗಿದೆಯೆಂದು ಅದನ್ನು ನಿಲ್ಲಿಸುವುದೇ ನನ್ನ ದೃಷ್ಟಿಯಲ್ಲಿ ಮನೆಗಳಲ್ಲಿ ಆಗುವ ದೊಡ್ಡ ತಪ್ಪು, ಏಕೆಂದರೆ ಮಗು ಆರಾಮಾಗಿರುವುದು ಆ ಔಷಧದಿಂದಲೇ ಇರಬಹುದು.

ಸ್ಟೀರಾಯ್ಡ್ ಎಂಬ ಹೆಸರಿಗೆ ಪೋಷಕರು ಹೆದರುವುದು ಸಹಜ. ಇಲ್ಲಿ ಔಷಧದ ಪ್ರಮಾಣ ಮೈಕ್ರೋಗ್ರಾಂಗಳಲ್ಲಿದ್ದು, ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ಇದು ಚಟವಾಗುವುದಿಲ್ಲ. ಎತ್ತರದ ಬೆಳವಣಿಗೆಯ ಮೇಲೆ ಸಣ್ಣ ಪರಿಣಾಮ ಆಗಬಹುದಾದ್ದರಿಂದ ವೈದ್ಯರು ಆಗಾಗ ಎತ್ತರ ಅಳೆದು, ಸಾಕಾಗುವಷ್ಟು ಕಡಿಮೆ ಪ್ರಮಾಣಕ್ಕೆ ಇಳಿಸುತ್ತಾರೆ.

ಔಷಧ ಕೊಡುವ ಕ್ರಮವನ್ನು ನಿಧಾನವಾಗಿ ಕಲಿಯಬೇಕು. ಇನ್‌ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಔಷಧದ ತುಂತುರನ್ನು ಹಿಡಿದಿಟ್ಟು ಬಾಯಿಗೆ ತಲುಪಿಸುವ ಕೊಳವೆಯಾದ ಸ್ಪೇಸರ್‌ಗೆ ಸೇರಿಸಿ, ಚಿಕ್ಕ ಮಗುವಾದರೆ ಮಾಸ್ಕ್ ಮೂಗು ಬಾಯಿಗಳ ಸುತ್ತ ಸಂದಿಲ್ಲದಂತೆ ಕೂರುವ ಹಾಗೆ ಹಿಡಿದು, ಒಂದೇ ಒಂದು ಸಲ ಒತ್ತಿ, ಮಗು 5–6 ಬಾರಿ ಉಸಿರಾಡುವವರೆಗೆ ಕಾಯಿರಿ. ಪ್ರತಿ ಉಸಿರಿಗೂ ಸ್ಪೇಸರ್‌ನ ಸಣ್ಣ ಕವಾಟ ಅಲುಗುವುದು ಕಾಣಬೇಕು. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿಯೇ ಕೊಡಬೇಕು. ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧ ಬಹಳ ಕಡಿಮೆ ತಲುಪುತ್ತದೆ, ಆದ್ದರಿಂದ ದಿನದ ಔಷಧವನ್ನು ಮಗು ಸಮಾಧಾನವಾಗಿರುವಾಗ ಕೊಡಿ. ಸ್ಟೀರಾಯ್ಡ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿಸಿ, ಮಾಸ್ಕ್ ತಾಗಿದ ಮುಖವನ್ನು ಒರೆಸಿ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಉಜ್ಜದೆ ಗಾಳಿಗೆ ಒಣಗಿಸಿ. ಉಜ್ಜಿದರೆ ಒಳಗೋಡೆಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧ ಅಲ್ಲೇ ಅಂಟಿಕೊಳ್ಳುತ್ತದೆ.

ಮನೆಯೊಳಗೆ ಯಾರೂ ಸಿಗರೇಟ್ ಸೇದಬಾರದು; ಇದರಲ್ಲಿ ರಿಯಾಯಿತಿ ಇಲ್ಲ. ಆಟವನ್ನು ಮಾತ್ರ ಬಿಡಿಸಬೇಡಿ, ಆಟಕ್ಕೆ ತೊಂದರೆಯಾಗುತ್ತಿದ್ದರೆ ಚಿಕಿತ್ಸೆ ಸಾಲದೆಂದು ತಿಳಿದು ವೈದ್ಯರಿಗೆ ತೋರಿಸಿ.

ಸಾಲ್ಬುಟಮಾಲ್ ಕೊಟ್ಟರೂ ಉಸಿರಾಟ ಹಗುರಾಗದಿದ್ದರೆ, 4 ಗಂಟೆಯೊಳಗೆ ಮತ್ತೆ ಬೇಕೆನಿಸಿದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರಿದ್ದರೆ ಅಥವಾ ತುಟಿ ನೀಲಿಯಾದರೆ, ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿಕೊಂಡು, ವೈದ್ಯರು ಮೊದಲೇ ಬರೆದುಕೊಟ್ಟ ಕ್ರಮದಂತೆ ಪಫ್ ಕೊಡುತ್ತಲೇ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಗು ಇನ್ನೂ ಕಷ್ಟಪಟ್ಟು ಉಸಿರೆಳೆಯುತ್ತಿರುವಾಗಲೇ ಎದೆಯ ಸುಂಯ್ ಸದ್ದು ನಿಂತುಹೋದರೆ ಗುಣವಾಯಿತೆಂದು ಭಾವಿಸಬಾರದು; ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಎಂದು ಅದರ ಅರ್ಥ.