ಆ್ಯಕ್ಷನ್ ಕ್ಯಾಮೆರಾ ಇಟ್ಟುಕೊಂಡು ಓಟ ಅಳೆಯುವುದು ಹೇಗೆ

ಮೊದಲು ಮನೆಯ ಕಿಟಕಿ ಎದುರು ನಿಂತು ಹತ್ತು ಸೆಕೆಂಡ್ ವಿಡಿಯೊ ಮಾಡಿ. ಕ್ಯಾಮೆರಾ ಅತಿ ಅಗಲ ನೋಟ ಕೊಡುವ ವೈಡ್ ಮೋಡ್‌ನಲ್ಲೇ ಇರಲಿ. ಆಮೇಲೆ ಕಂಬಿಗಳನ್ನು ನೋಡಿ. ನಡುವಿನ ಕಂಬಿ ನೆಟ್ಟಗಿರುತ್ತದೆ, ಅಂಚಿನ ಕಂಬಿಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತವೆ. ಕಬ್ಬಿಣದ ಕಂಬಿಯನ್ನೇ ಬಗ್ಗಿಸುವ ಲೆನ್ಸ್ ಓಡುವವರ ಮೊಣಕಾಲನ್ನು ಬಿಡುತ್ತದಾ?

ನಾನು ತಾಲೂಕು ಮೈದಾನದಲ್ಲಿ ಮಕ್ಕಳಿಗೆ ಓಟ ಕಲಿಸುತ್ತೇನೆ. ಶುರುವಿನಲ್ಲಿ ಒಬ್ಬ ಹುಡುಗನಿಂದ ಒಂದೂವರೆ ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟು, ವೈಡ್‌ನಲ್ಲೇ ತೆಗೆದು, ಅವನ ಮೊಣಕಾಲು ಎಷ್ಟು ಮಡಚುತ್ತದೆ ಅಂತ ಅಳೆದಿದ್ದೆ. ಚಿತ್ರದ ಅಂಚಿನಲ್ಲಿ ಒಂದು ಲೆಕ್ಕ ಬಂತು, ನಡುವೆ ಇನ್ನೊಂದು. ಅದೇ ಕಾಲು, ಅದೇ ಓಟ, ಏಳು ಡಿಗ್ರಿ ವ್ಯತ್ಯಾಸ. ಆ ಲೆಕ್ಕ ನಂಬಿ ಅವನ ಹೆಜ್ಜೆ ತಿದ್ದಲು ಹೊರಟಿದ್ದೆನಲ್ಲ ಅನ್ನುವುದು ಈಗಲೂ ಕಾಡುತ್ತದೆ. ಕ್ಯಾಮೆರಾ ಕೆಟ್ಟದ್ದಲ್ಲ, ನಾನು ಇಟ್ಟ ರೀತಿ ತಪ್ಪಾಗಿತ್ತು.

ಗೋಪ್ರೊ ತರಹದ ಕ್ಯಾಮೆರಾಗಳು ಬೈಕ್ ಮೇಲೆ, ಹೆಲ್ಮೆಟ್ ಮೇಲೆ ಚೆಂದದ ವಿಡಿಯೊ ತೆಗೆಯಲು ತಯಾರಾದವು. ಅಳತೆಗೆ ಬಳಸುವಾಗ ಆ ಚೆಂದ ಮಾಡುವ ಸೌಲಭ್ಯಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡಬೇಕು. ವೈಡ್ ಬಿಟ್ಟು ಲೀನಿಯರ್ (ಗೆರೆ ನೆಟ್ಟಗೆ ಕಾಣುವ ಮೋಡ್) ಅಥವಾ ನ್ಯಾರೋ (ಕಡಿಮೆ ಅಗಲದ ಮೋಡ್) ಇಡಿ. ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಪೂರ್ತಿ ಆಫ್ ಮಾಡಿ, ಯಾಕೆಂದರೆ ಅದು ಪ್ರತಿ ಫ್ರೇಮನ್ನೂ (ವಿಡಿಯೊದ ಒಂದೊಂದು ಚಿತ್ರವನ್ನೂ) ಸ್ವಲ್ಪ ಕತ್ತರಿಸಿ, ಸರಿಸಿ ಕೂರಿಸುತ್ತದೆ, ಹಾಗಾಗಿ ನೆಲದ ಮೇಲಿನ ಗೆರೆ ಒಂದು ಫ್ರೇಮಿನಲ್ಲಿ ಇದ್ದ ಜಾಗದಲ್ಲಿ ಮುಂದಿನದರಲ್ಲಿ ಇರುವುದಿಲ್ಲ. ಕ್ಯಾಮೆರಾ ವಾಲಿದರೂ ಚಿತ್ರವನ್ನು ಮಟ್ಟವಾಗಿ ಇಡುವ ಹೊರೈಜನ್ ಲಾಕ್ ಇದ್ದರೆ ಅದನ್ನೂ ಆಫ್ ಮಾಡಿ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ತೆಗೆಯಬೇಕು ಅನ್ನುವುದು ಏನು ಅಳೆಯುತ್ತೀರಿ ಅನ್ನುವುದರ ಮೇಲಿದೆ. ನಡಿಗೆಗೆ ಸೆಕೆಂಡಿಗೆ 60 ಫ್ರೇಮ್ ಸಾಕು. ಓಟಕ್ಕೆ ಸಾಲದು. ದೂರ ಓಡುವವರ ಪಾದ ಒಂದು ಹೆಜ್ಜೆಯಲ್ಲಿ ನೆಲಕ್ಕೆ ತಾಗಿರುವುದೇ ಸುಮಾರು 200ರಿಂದ 300 ಮಿಲಿಸೆಕೆಂಡ್. 30 ಫ್ರೇಮಿನಲ್ಲಿ ತೆಗೆದರೆ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್, ಒಂದೇ ಫ್ರೇಮ್ ತಪ್ಪಿ ಎಣಿಸಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ. 240ರಲ್ಲಿ ಅದೇ ತಪ್ಪು 4 ಮಿಲಿಸೆಕೆಂಡ್ ಅಷ್ಟೇ. ಒಳಾಂಗಣದಲ್ಲಿ ಮಾತ್ರ ಒಂದು ತೊಂದರೆ ಇದೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 240 ಫ್ರೇಮಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕ್ಯಾಮೆರಾವನ್ನು 50 ಹರ್ಟ್ಸ್‌ಗೆ ಬದಲಿಸಿ 200 ಅಥವಾ 100 ಫ್ರೇಮಿನಲ್ಲಿ ತೆಗೆಯಿರಿ.

ಫ್ರೇಮ್ ರೇಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಶಟರ್ ಮರೆಯುತ್ತಾರೆ. ಒಂದೊಂದು ಫ್ರೇಮಿಗೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಬಿಟ್ಟುಕೊಳ್ಳುತ್ತದೆ ಅನ್ನುವುದೇ ಶಟರ್. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಓಡುವವರ ದೇಹ ಸೆಕೆಂಡಿಗೆ 3.3 ಮೀಟರ್ ಮುಂದೆ ಹೋಗುತ್ತದೆ, ಗಾಳಿಯಲ್ಲಿ ಬೀಸುವ ಪಾದ ಅದರ ಎರಡರಷ್ಟು ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳಿ. ಶಟರ್ 1/120 ಸೆಕೆಂಡ್ ಇದ್ದರೆ ಅದು ತೆರೆದಿರುವಷ್ಟರಲ್ಲೇ ಪಾದ ಐದು ಸೆಂಟಿಮೀಟರ್ ದಾಟಿರುತ್ತದೆ. ಚಿತ್ರದಲ್ಲಿ ಶೂ ಬದಲು ಬರೀ ಮಂಜು. 1/1000ಕ್ಕೆ ಇಳಿಸಿದರೆ ಒಂದು ಸೆಂಟಿಮೀಟರೂ ಇರುವುದಿಲ್ಲ. ಇದಕ್ಕೆ ಬೆಳಕು ಜಾಸ್ತಿ ಬೇಕು. ಬಿಸಿಲಿದ್ದರೆ ಚಿಂತೆಯಿಲ್ಲ. ಮಳೆಗಾಲದ ಮಬ್ಬು ಬೆಳಿಗ್ಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದಷ್ಟೂ ಚಿತ್ರ ಕಾಳು ಕಾಳಾಗುತ್ತದೆ, ಅಂಥ ದಿನ ನಾನು ಅಳೆಯಲು ಹೋಗುವುದಿಲ್ಲ.

ಇನ್ನು ದೂರ. ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ನೇರ ಗೆರೆ ಹಾಕಿ. ಓಡುವವರು ಆ ಗೆರೆ ಮೇಲೇ ಓಡಬೇಕು. ಗೆರೆಯ ನಡುವಿನಿಂದ ಲಂಬವಾಗಿ 5 ಮೀಟರ್ ಅಳೆದು ಅಲ್ಲಿ ಟ್ರೈಪಾಡ್ ನಿಲ್ಲಿಸಿ, ಲೆನ್ಸ್ ಸೊಂಟದ ಎತ್ತರಕ್ಕಿರಲಿ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಕ್ಯಾಮೆರಾ ಮೇಲಿಟ್ಟು ನೋಡಿ. 5 ಮೀಟರೇ ಯಾಕೆ? ಓಡುವಾಗ ಆಚೆ ಕಾಲಿಗಿಂತ ಈಚೆ ಕಾಲು ಕ್ಯಾಮೆರಾಗೆ ಹತ್ತಿರ ಇರುತ್ತದೆ. ಹತ್ತು ಸೆಂಟಿಮೀಟರ್ ಹತ್ತಿರ ಬಂದ ವಸ್ತು 2 ಮೀಟರ್ ದೂರದ ಕ್ಯಾಮೆರಾಗೆ ಶೇಕಡಾ 5ರಷ್ಟು ದೊಡ್ಡದಾಗಿ ಕಾಣುತ್ತದೆ, 5 ಮೀಟರ್ ದೂರದ್ದಕ್ಕೆ ಶೇಕಡಾ 2 ಮಾತ್ರ. ದೂರ ಹೋದಷ್ಟೂ ಒಳ್ಳೆಯದು, ಆದರೆ ಮನುಷ್ಯ ಚಿಕ್ಕದಾಗುತ್ತಾ ಹೋಗುತ್ತಾನೆ. 5 ಮೀಟರಿನಿಂದ ಲೀನಿಯರ್‌ನಲ್ಲಿ ಸುಮಾರು 9 ಮೀಟರ್ ಅಗಲ ಸಿಗುತ್ತದೆ, ಅದನ್ನು ಚಿತ್ರದ ಅಗಲದ 1920 ಚುಕ್ಕಿಗಳಿಗೆ (ಪಿಕ್ಸೆಲ್) ಹಂಚಿದರೆ ಒಂದು ಚುಕ್ಕಿಗೆ ಹತ್ತಿರ ಹತ್ತಿರ ಅರ್ಧ ಸೆಂಟಿಮೀಟರ್. ಇದರಲ್ಲಿ ನಡುವಿನ 3 ಮೀಟರ್ ಮಾತ್ರ ಬಳಸಿ. ಅಷ್ಟರಲ್ಲಿ ಎರಡು ಹೆಜ್ಜೆ ಸಿಗುತ್ತದೆ. ಅಂಚಿನಲ್ಲಿ ಬಿದ್ದದ್ದು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಓಡುವವರ ಜೊತೆ ಕ್ಯಾಮೆರಾ ತಿರುಗಿಸುವುದಂತೂ ಬೇಡವೇ ಬೇಡ. ಈ ಕ್ಯಾಮೆರಾಗಳು ಚಿತ್ರವನ್ನು ಸಾಲು ಸಾಲಾಗಿ ಓದುತ್ತವೆ, ತಿರುಗಿಸಿದರೆ ನೆಟ್ಟಗಿನ ಕಂಬವೂ ವಾಲುತ್ತದೆ.

ಓಟಕ್ಕೆ ಮೊದಲು ಅದೇ ಸುಣ್ಣದ ಗೆರೆ ಮೇಲೆ ಒಂದು ಮೀಟರಿನ ಕೋಲು ಹಿಡಿಸಿ ಕೆಲವು ಸೆಕೆಂಡ್ ತೆಗೆಯಿರಿ, ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ. ಸಾಫ್ಟ್‌ವೇರಿಗೆ ಅಳತೆ ಕಲಿಸುವುದು ಈ ಕೋಲೇ. ಕೋಲು ಗೆರೆ ಮೇಲೇ ಇರಬೇಕು, ಹಿಂದಿನ ಗೋಡೆಗೆ ಒರಗಿಸಬಾರದು, ದೂರದ ಕೋಲು ಚಿಕ್ಕದಾಗಿ ಕಂಡು ಲೆಕ್ಕ ಕೆಡುತ್ತದೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ 12 ಕ್ಯಾಮೆರಾ ಸಾಲಾಗಿಟ್ಟು ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ ಅಂತ ತೋರಿಸಿದಾಗ, ಅಳತೆಯ ಗೆರೆಗಳನ್ನು ಎಳೆಸಿದ್ದು ಕುದುರೆಯ ಹಿಂದಿನ ಬಿಳಿ ತೆರೆಯ ಮೇಲೆ. ಕಾಲು ನೆಲ ಬಿಟ್ಟಿದೆಯಾ ಅಂತ ನೋಡಲು ಅದು ಸಾಕಾಗಿತ್ತು. ಹೆಜ್ಜೆಯ ಉದ್ದ ಸೆಂಟಿಮೀಟರಿನಲ್ಲಿ ಬೇಕಾದರೆ ಸಾಕಾಗುವುದಿಲ್ಲ.

ಕೀಲುಗಳ ಮೇಲೆ ಗುರುತು ಅಂಟಿಸಿ. ಸೊಂಟದ ಪಕ್ಕ ತೊಡೆ ಮೂಳೆ ಉಬ್ಬಿರುವಲ್ಲಿ, ಮೊಣಕಾಲಿನ ಹೊರಬದಿಯಲ್ಲಿ, ಪಾದದ ಮೇಲಿನ ಗಂಟಿನಲ್ಲಿ, ಶೂ ಮೇಲೆ ಹಿಮ್ಮಡಿ ಮತ್ತು ಕಿರುಬೆರಳಿನ ಬುಡದಲ್ಲಿ. ನಮ್ಮ ಹುಡುಗಿಯರು ಮೊದಲು ಹಣೆಗಿಡುವ ಸ್ಟಿಕ್ಕರ್ ಅಂಟಿಸಿಕೊಂಡು ಬಂದಿದ್ದರು. ಒಂದು ಸುತ್ತಿಗೇ ಬೆವರಿಗೆ ಜಾರಿತು, ಮೇಲಾಗಿ ಒಂದು ಸೆಂಟಿಮೀಟರಿನ ಸ್ಟಿಕ್ಕರ್ ಚಿತ್ರದಲ್ಲಿ ಎರಡೇ ಚುಕ್ಕಿ. ಈಗ ಎಲೆಕ್ಟ್ರಿಷಿಯನ್‌ಗಳ ಹಳದಿ ಟೇಪನ್ನು ಮೂರು ಸೆಂಟಿಮೀಟರ್ ಅಗಲಕ್ಕೆ ಜೋಡಿಸಿ ಅಂಟಿಸುತ್ತೇವೆ. ಸಡಿಲ ಪ್ಯಾಂಟ್ ಮೇಲೆ ಅಂಟಿಸಿದರೆ ನೀವು ಬಟ್ಟೆಯ ಓಟ ಅಳೆದಂತೆ.

ಎಲ್ಲ ಸರಿಯಾಗಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ, ನನಗೆ ಇದು ತುಂಬಾ ಇಷ್ಟ. ಕ್ರಿಕೆಟ್ ಬಾಲನ್ನು ಗೆರೆ ಮೇಲೆ ಸರಿಯಾಗಿ ಒಂದು ಮೀಟರ್ ಎತ್ತರದಿಂದ ಸುಮ್ನೆ ಕೈ ಬಿಡಿ. ಅದು ನೆಲ ಮುಟ್ಟಲು 0.45 ಸೆಕೆಂಡ್ ಬೇಕು. 240ರಲ್ಲಿ ಸುಮಾರು 108 ಫ್ರೇಮ್, 200ರಲ್ಲಿ 90. ಒಂದೆರಡು ಫ್ರೇಮ್ ಆಚೀಚೆ ಆದರೆ ಪರವಾಗಿಲ್ಲ. ಫ್ರೇಮ್ 108 ಇದ್ದು ಸಾಫ್ಟ್‌ವೇರ್ ಮಾತ್ರ 3.6 ಸೆಕೆಂಡ್ ಅಂತ ತೋರಿಸಿದರೆ, ಫೈಲ್ ಸ್ಲೋ ಮೋಷನ್ ಆಗಿ 30 ಫ್ರೇಮಿನ ಲೆಕ್ಕದಲ್ಲಿ ಉಳಿದಿದೆ ಅಂತ ಅರ್ಥ. ಆಗ ತೆಗೆದ ನಿಜವಾದ ಫ್ರೇಮ್ ರೇಟ್ ಎಷ್ಟು ಅಂತ ಸಾಫ್ಟ್‌ವೇರಿಗೆ ಹೇಳಬೇಕು. ಸಾಫ್ಟ್‌ವೇರ್ ಅಂದರೆ ನಾನು ಬಳಸುವುದು ಕಿನೋವಿಯಾ, ವಿಂಡೋಸ್‌ನಲ್ಲಿ ನಡೆಯುತ್ತದೆ, ಉಚಿತ. ಫ್ರೇಮ್ ರೇಟ್ ಬದಲಿಸಲು, ಕೋಲಿನ ಅಳತೆ ಕೊಡಲು, ಕೋನ ಎಳೆಯಲು ಎಲ್ಲಕ್ಕೂ ಅದರಲ್ಲಿ ಜಾಗ ಇದೆ.

ಕೋನ ಅಳೆಯುವಾಗ ಒಂದೇ ಹೆಜ್ಜೆ ನೋಡಿ ತೀರ್ಮಾನಕ್ಕೆ ಬರಬೇಡಿ. ಪ್ರತಿ ಕಾಲಿಗೆ ಐದಾರು ಹೆಜ್ಜೆ ಬೇಕು, ಅದಕ್ಕೆ ಐದಾರು ಸಲ ಓಡಿಸಬೇಕು. ಅದೇ ಫ್ರೇಮನ್ನು ಮಾರನೇ ದಿನ ಇನ್ನೊಮ್ಮೆ ಅಳೆಯಿರಿ, ಹಿಂದಿನ ಲೆಕ್ಕ ನೋಡದೆ. ನನಗೆ ಎರಡು ಮೂರು ಡಿಗ್ರಿ ವ್ಯತ್ಯಾಸ ಬರುತ್ತದೆ. ಹಾಗಾಗಿ ತಿಂಗಳ ನಂತರ ಮೊಣಕಾಲು ಎರಡು ಡಿಗ್ರಿ ಜಾಸ್ತಿ ಮಡಚಿದೆ ಅಂತ ಕಂಡರೆ ನಾನು ಅದನ್ನು ಬದಲಾವಣೆ ಅಂತ ಹೇಳುವುದಿಲ್ಲ. ಎಂಟು ಹತ್ತು ಡಿಗ್ರಿ ಆದರೆ ಹೇಳುತ್ತೇನೆ.

ಒಂದು ಕ್ಯಾಮೆರಾದಿಂದ ಆಗದ್ದೂ ಇದೆ. ಮೊಣಕಾಲು ಒಳಕ್ಕೆ ವಾಲುತ್ತದಾ ಅನ್ನುವುದು ಪಕ್ಕದಿಂದ ಕಾಣುವುದಿಲ್ಲ, ಮುಂದಿನಿಂದ ತೆಗೆಯಬೇಕು. ಎರಡು ಕ್ಯಾಮೆರಾ ಇಟ್ಟರೆ ಎರಡಕ್ಕೂ ಕಾಣುವಂತೆ ಒಮ್ಮೆ ಟಾರ್ಚ್ ಬೆಳಗಿಸಿ, ಆ ಫ್ರೇಮಿನಿಂದ ಎರಡನ್ನೂ ಹೊಂದಿಸಿ. ಚಪ್ಪಾಳೆ ಬೇಡ, 5 ಮೀಟರ್ ದಾಟಲು ಸದ್ದಿಗೆ ಸುಮಾರು 15 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಮೂರು ಫ್ರೇಮ್ ಹೋಗಿರುತ್ತದೆ. ಬೌಲ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗಬಾರದು ಅನ್ನುವ ಐಸಿಸಿ ನಿಯಮವನ್ನು ಮಗನ ಕೈ ಮೀರುತ್ತದಾ ಅಂತ ನನ್ನನ್ನು ಎಷ್ಟೋ ಅಪ್ಪಂದಿರು ಕೇಳಿದ್ದಾರೆ. ತೋಳು ತಿರುಗುತ್ತಿರುವಾಗ ಮೊಣಕೈ ಎಷ್ಟು ನೆಟ್ಟಗಾಯಿತು ಅನ್ನುವುದು ಹೀಗೆ ಸಿಗುವುದೇ ಇಲ್ಲ, ಅದಕ್ಕೆ ಸುತ್ತಲೂ ಹಲವು ಕ್ಯಾಮೆರಾ ಇರುವ ಪ್ರಯೋಗಾಲಯವೇ ಬೇಕು. ನಿಮ್ಮ ವಿಡಿಯೊ ತೋರಿಸಿ ಯಾವ ಹುಡುಗನ ಮೇಲೂ ಚಕ್ಕರ್ (ಬೌಲ್ ಮಾಡದೆ ಚೆಂಡು ಎಸೆಯುವವನು) ಅಂತ ಹಣೆಪಟ್ಟಿ ಹಚ್ಚಬೇಡಿ. ಮಕ್ಕಳ ವಿಡಿಯೊ ತೆಗೆಯುವ ಮೊದಲು ಮನೆಯವರನ್ನು ಕೇಳಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಕೊನೆಗೆ ಟ್ರೈಪಾಡ್ ಎತ್ತುವ ಮುಂಚೆ ಅದರ ಮೂರೂ ಕಾಲಿನ ಜಾಗಕ್ಕೆ, ಗೆರೆಯ ಎರಡೂ ತುದಿಗೆ ಚಿಕ್ಕ ಗೂಟ ಹೊಡೆಯಿರಿ, ನೆಲದ ಮಟ್ಟಕ್ಕೆ, ಯಾರೂ ಎಡವದ ಹಾಗೆ. ಲೆನ್ಸಿನ ಎತ್ತರ, ಫ್ರೇಮ್ ರೇಟ್, ಶಟರ್, ಹಾಕಿದ್ದ ಶೂ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ತಿಂಗಳು ಅದೇ ಗೂಟದ ಮೇಲೆ ಟ್ರೈಪಾಡ್ ನಿಲ್ಲಿಸಿ, ಬಾಲ್ ಬೀಳಿಸಿ 108 ಫ್ರೇಮ್ ಬಂದ ಮೇಲೆ ಓಡಿಸಿ.