ಅಪ್‌ಡೇಟ್ ವೇಳೆ ಕಂಪ್ಯೂಟರ್ ತೆವಳುತ್ತಿದ್ದರೆ
ವಿಂಡೋಸ್ 11 ಅಪ್‌ಡೇಟ್ ಆಗುತ್ತಿರುವಾಗಲೇ ತುರ್ತು ಕೆಲಸವಿದ್ದರೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಝ್ ಅಪ್‌ಡೇಟ್ಸ್’ ಒತ್ತಿ ಒಂದು ವಾರ ಮುಂದೂಡಿ. ಕೆಲಸ ಮುಗಿದ ಮೇಲೆ ‘ರೆಸ್ಯೂಮ್’ ಕೊಟ್ಟು, ಚಾರ್ಜರ್ ಸಿಕ್ಕಿಸಿ, ಸ್ಲೀಪ್‌ಗೆ ಹೋಗದಂತೆ ಬಿಟ್ಟುಬಿಡಿ. ಅಪ್‌ಡೇಟ್ ಹೊತ್ತಿನಲ್ಲಿ ಅಸಂಖ್ಯ ಸಣ್ಣ ಕಡತಗಳನ್ನು ಬಿಚ್ಚಿ, ಪರಿಶೀಲಿಸಿ, ಡಿಸ್ಕ್‌ಗೆ ಬರೆಯಬೇಕಾಗುವುದರಿಂದ ಉಳಿದ ತಂತ್ರಾಂಶಗಳು ಸರದಿಯಲ್ಲಿ ಕಾಯುತ್ತವೆ. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಇಲ್ಲದ, ತಿರುಗುವ ಹಾರ್ಡ್ ಡಿಸ್ಕ್‌ನ ಯಂತ್ರಗಳಲ್ಲಂತೂ ಯಾವ ತಂತ್ರಾಂಶ ಎಷ್ಟು ಕೆಲಸ ಮಾಡುತ್ತಿದೆಯೆಂದು ಪಟ್ಟಿ ಮಾಡಿ ತೋರಿಸುವ ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಕಾಲಂ 100% ಮುಟ್ಟಿ ಅಲ್ಲೇ ನಿಲ್ಲುವುದುಂಟು. ಆ ಪಟ್ಟಿಯ ಮೇಲ್ತುದಿಯಲ್ಲಿ ಕಾಣುವ, ಅಪ್‌ಡೇಟ್‌ಗಳನ್ನು ಇನ್‌ಸ್ಟಾಲ್ ಮಾಡುವ ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಅನ್ನು ‘ಎಂಡ್ ಟಾಸ್ಕ್’ ಒತ್ತಿ ನಿಲ್ಲಿಸುವ ಆಸೆಯಾಗುತ್ತದೆ, ಆದರೆ ಹಾಗೆ ಮಾಡಿದರೆ ಅಪ್‌ಡೇಟ್ ಅರ್ಧಕ್ಕೆ ಕೆಡಬಹುದು. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಕೇಳುವ ಹಂತಕ್ಕೆ ಬಂದಿದ್ದರೆ ಮುಂದೂಡಿ ಪ್ರಯೋಜನವಿಲ್ಲ, ರೀಸ್ಟಾರ್ಟ್ ಮಾಡುವುದೇ ಲೇಸು. ಅಪ್‌ಡೇಟ್ ಇಲ್ಲದ ದಿನಗಳಲ್ಲೂ ಡಿಸ್ಕ್ ಹೀಗೆಯೇ ತುಂಬಿ ತೋರಿಸುತ್ತಿದ್ದರೆ, ಈ ಉಪಾಯ ಬಿಟ್ಟು ಡಿಸ್ಕ್‌ನ ಆರೋಗ್ಯವನ್ನೂ ಖಾಲಿ ಜಾಗವನ್ನೂ ಪರೀಕ್ಷಿಸಿ.